ಕೆಚ್ಚಲಿನಿಂದ ಕ್ಯಾನಿನವರೆಗೆ: ನಮ್ಮ ಹಾಲು ಎಲ್ಲಿ ಹಾಳಾಗುತ್ತದೆ?



ಬೇಸಿಗೆ ಬಂತೆಂದರೆ ಸಂಘಗಳಿಂದ ನನಗೆ ಬರುವ ಫೋನ್ ಕರೆಗಳ ಧಾಟಿಯೇ ಬದಲಾಗುತ್ತದೆ. ಮಳೆಗಾಲದಲ್ಲಿ "ಡಾಕ್ಟರಮ್ಮ, ಹಸು ಮೇವು ತಿಂತಿಲ್ಲ" ಎಂದು ಕರೆಯುವವರು, ಮಾರ್ಚ್ ಕಳೆಯುತ್ತಿದ್ದಂತೆ "ಡಾಕ್ಟರಮ್ಮ, ಹಾಲು ವಾಪಸ್ ಕಳಿಸಿದ್ರು" ಎನ್ನುತ್ತಾರೆ. ಮೇವು ತಿನ್ನದ ಹಸುವಿಗೆ ಔಷಧಿ ಕೊಡಬಹುದು. ವಾಪಸ್ ಬಂದ ಹಾಲಿಗೆ ನನ್ನ ಬ್ಯಾಗಿನಲ್ಲಿ ಯಾವ ಔಷಧಿಯೂ ಇಲ್ಲ.

ತರಕಾರಿ ಬೆಳೆಯುವವರ ಮಾಲು ಲಾರಿಯಲ್ಲೋ ಮಂಡಿಯಲ್ಲೋ ಕೊಳೆಯುತ್ತದೆ. ಅದು ಅವರ ಕೈಮೀರಿದ ಮಾತು. ಹಾಲಿನ ಕಥೆ ಹಾಗಲ್ಲ. ಒಮ್ಮೆ ಬಿ.ಎಂ.ಸಿ.ಯಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗಾದ ಮೇಲೆ ಹಾಲು ಕೆಡುವುದು ಅಪರೂಪ. ಕೆಡುವುದೆಲ್ಲ ಅದಕ್ಕೆ ಮೊದಲು, ಕೊಟ್ಟಿಗೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಡೇರಿಯ ಸರದಿ ಸಾಲಿನಲ್ಲಿ. ಅಂದರೆ ಹಾಲು ನಿಮ್ಮ ಕೈಯಲ್ಲಿರುವ ಆ ಎರಡು-ಮೂರು ಗಂಟೆಗಳಲ್ಲಿ. ಇದು ಬೈಗುಳವಲ್ಲ. ಸರಿಪಡಿಸುವ ಅಧಿಕಾರವೂ ನಿಮ್ಮ ಕೈಯಲ್ಲೇ ಇದೆ ಎಂದು ಹೇಳುತ್ತಿದ್ದೇನೆ.

ಹಾಲು ನಷ್ಟವಾಗುವ ದಾರಿಗಳು ಮುಖ್ಯವಾಗಿ ಮೂರು. ಹುಳಿಯಾಗಿ ವಾಪಸ್ ಬರುವುದು ಒಂದು. ಔಷಧಿಯ ಅಂಶ ಸಿಕ್ಕಿ ಸುರಿಯಬೇಕಾಗುವುದು ಇನ್ನೊಂದು. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಆ ಹಾಲು ಕೆಚ್ಚಲಿನಿಂದ ಹೊರಗೇ ಬಂದಿರುವುದಿಲ್ಲ. ಒಂದೊಂದಾಗಿ ನೋಡೋಣ.

ಮನೆಯಲ್ಲಿ ಚೆನ್ನಾಗಿತ್ತು, ಅಲ್ಲಿ ಹೇಗೆ ಒಡೆಯಿತು?

ಈ ಪ್ರಶ್ನೆ ಕೇಳದ ಹೆಣ್ಣುಮಗಳಿಲ್ಲ. "ನಮ್ಮ ಮನೇಲಿ ಇಟ್ಕೊಂಡಿದ್ದ ಅರ್ಧ ಲೀಟರ್ ಕಾಫಿಗೆ ಚೆನ್ನಾಗೇ ಆಯ್ತು, ಡೇರಿಗೆ ಹಾಕಿದ್ದು ಮಾತ್ರ ಹೇಗೆ ಕೆಟ್ಟುಹೋಗುತ್ತೆ?" ಕೇಳುವುದು ನ್ಯಾಯವೇ. ಉತ್ತರ ಇಷ್ಟು: ಮನೆಯ ಹಾಲನ್ನು ನೀವು ಕರೆದ ಅರ್ಧ ಗಂಟೆಯೊಳಗೆ ಕುದಿಸಿಬಿಟ್ಟಿರಿ. ಡೇರಿಯ ಹಾಲು ಹಸಿಯಾಗಿಯೇ ಪ್ರಯಾಣ ಹೊರಟಿತು.

ಆರೋಗ್ಯವಾಗಿರುವ ಕೆಚ್ಚಲಿನಿಂದ ಬರುವ ಹಾಲಿನಲ್ಲಿ ಸೂಕ್ಷ್ಮಾಣುಗಳು ಬಹಳ ಕಡಿಮೆ. ಅವು ಸೇರುವುದು ಆಮೇಲೆ: ಒದ್ದೆ ಕೆಚ್ಚಲಿನಿಂದ ತೊಟ್ಟಿಕ್ಕುವ ನೀರಿನಿಂದ, ಹಸು ಬೀಸುವ ಬಾಲದಿಂದ, ನಮ್ಮ ಕೈಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಪಾತ್ರೆಯಿಂದ. ಹಾಲು ಹೊರಬರುವಾಗ ಹಸುವಿನ ಮೈ ಬಿಸಿಯಲ್ಲೇ ಇರುತ್ತದೆ, ಸುಮಾರು 37-38 ಡಿಗ್ರಿ. ಸೂಕ್ಷ್ಮಾಣುಗಳಿಗೆ ಇದಕ್ಕಿಂತ ಹಿತವಾದ ಬಿಸಿ ಬೇರೆ ಬೇಕಿಲ್ಲ. ಹಸಿ ಹಾಲಿಗೆ ತನ್ನದೇ ಒಂದು ಕಾವಲು ಶಕ್ತಿ ಇದೆ. ಮೊದಲ ಎರಡು-ಮೂರು ಗಂಟೆ ಅದು ಸೂಕ್ಷ್ಮಾಣುಗಳು ಬೆಳೆಯದಂತೆ ತಡೆಯುತ್ತದೆ. ಅದು ಮುಗಿದ ಮೇಲೆ ಲೆಕ್ಕ ಶುರು. ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ ಎಂದಿಟ್ಟುಕೊಳ್ಳಿ. ಮೂರು ಗಂಟೆಯಲ್ಲಿ ಒಂದು 64 ಆಗುತ್ತದೆ, ಐದು ಗಂಟೆಯಲ್ಲಿ 1,024. ಮೊದಲೇ ಹತ್ತು ಪಟ್ಟು ಹೆಚ್ಚಾಗಿದ್ದರೆ ಕೊನೆಗೂ ಹತ್ತು ಪಟ್ಟು ಹೆಚ್ಚು. ಈ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ. ಹುಳಿ ಒಂದು ಮಟ್ಟ ದಾಟಿದರೆ ಕುದಿಸಿದ ತಕ್ಷಣ ಹಾಲು ಒಡೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಬಿ.ಎಂ.ಸಿ. ಇದೆಯಲ್ಲ, ಅದು ಎಲ್ಲವನ್ನೂ ಸರಿಮಾಡುತ್ತದೆ ಎಂದು. ತಣ್ಣಗೆ ಮಾಡಿದರೆ ಸೂಕ್ಷ್ಮಾಣುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ, ಆದರೆ ಇರುವವು ಸಾಯುವುದಿಲ್ಲ. ಕೊಳೆಯಾಗಿ ಬಂದ ಹಾಲು ತಣ್ಣನೆಯ ಕೊಳೆ ಹಾಲಾಗುತ್ತದೆ, ಅಷ್ಟೇ. ಶೀತಲೀಕರಣ ಕೇಂದ್ರದಲ್ಲಿ ಹಾಲಿಗೆ ನೀಲಿ ಬಣ್ಣ ಹಾಕಿ ಎಷ್ಟು ಹೊತ್ತಿಗೆ ಬಣ್ಣ ಮಾಯವಾಗುತ್ತದೆಂದು ನೋಡುವ ಪರೀಕ್ಷೆ ಇದೆ. ಎಂ.ಬಿ.ಆರ್.ಟಿ. ಎನ್ನುತ್ತಾರೆ. ಐದು ಗಂಟೆಗೂ ಹೆಚ್ಚು ಕಾಲ ನೀಲಿ ಉಳಿದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕಳಪೆ. ನಿಮ್ಮ ಸಂಘದ ಹಾಲು ಎಷ್ಟು ಹೊತ್ತು ನಿಂತಿತು ಎಂದು ಕಾರ್ಯದರ್ಶಿಯನ್ನು ಕೇಳಿ ನೋಡಿ. ಕೇಳುವ ಹಕ್ಕು ಷೇರುದಾರರಾದ ನಿಮಗಿದೆ.

ಪಾತ್ರೆಯ ವಿಷಯ

ನಾನು ಮನೆ ಮನೆಗೆ ಹೋದಾಗ ಮೊದಲು ನೋಡುವುದು ಹಸುವನ್ನಲ್ಲ, ಹಾಲು ಕರೆಯುವ ಪಾತ್ರೆಯನ್ನು. ಬಾಯಿ ಅಗಲವಾದ, ಜೋಡಣೆಯ ಗೆರೆ ಇಲ್ಲದ ಸ್ಟೀಲ್ ಪಾತ್ರೆ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್, ಬಣ್ಣದ ಡಬ್ಬ, ಎಣ್ಣೆಯ ಖಾಲಿ ಕ್ಯಾನು ಬೇಡವೇ ಬೇಡ. ಪ್ಲಾಸ್ಟಿಕ್ಕಿನ ಒಳಗೆ ತೆಂಗಿನ ನಾರು ಹಾಕಿ ಉಜ್ಜಿದ ಪ್ರತಿ ಗೀರಿನಲ್ಲೂ ಹಾಲಿನ ಪೊರೆ ಕುಳಿತುಕೊಳ್ಳುತ್ತದೆ. ಅಲ್ಲಿಗೆ ನಿಮ್ಮ ಬೆರಳೂ ಹೋಗದು, ಬಿಸಿನೀರೂ ಸರಿಯಾಗಿ ತಲುಪದು.

ತೊಳೆಯುವ ಕ್ರಮದಲ್ಲೂ ಬಹಳ ಮನೆಗಳಲ್ಲಿ ಒಂದು ಸಣ್ಣ ತಪ್ಪಾಗುತ್ತದೆ. ಶುದ್ಧವಾಗಲೆಂದು ಮೊದಲೇ ಕುದಿಯುವ ನೀರು ಸುರಿಯುತ್ತಾರೆ. ಬಿಸಿಗೆ ಹಾಲಿನ ಅಂಶ ಪಾತ್ರೆಗೆ ಅಂಟಿ ಗಟ್ಟಿಯಾಗುತ್ತದೆ, ಹಾಲು ಕಾಯಿಸಿದ ಪಾತ್ರೆಯ ತಳ ಹಿಡಿದಂತೆ. ಮೊದಲು ತಣ್ಣೀರಿನಲ್ಲಿ ಜಾಲಾಡಿ. ಆಮೇಲೆ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಉಜ್ಜಿ. ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು, ನೆಲದ ಮೇಲಲ್ಲ, ಕಟ್ಟೆ ಅಥವಾ ಗೂಟಕ್ಕೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿ. ಒಣಗಿದ ಪಾತ್ರೆಯಲ್ಲಿ ಸೂಕ್ಷ್ಮಾಣು ಬೆಳೆಯುವುದಿಲ್ಲ. ಒದ್ದೆ ಪಾತ್ರೆಗೆ ಮುಚ್ಚಳ ಹಾಕಿಟ್ಟರೆ ಸಂಜೆಯ ಹೊತ್ತಿಗೆ ಅದು ಹೆಪ್ಪು ಹಾಕುವ ಪಾತ್ರೆಯೇ ಆಗಿರುತ್ತದೆ.

ಸೋಸುವ ಬಟ್ಟೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಪಂಚೆಯ ತುಂಡೊಂದು ಕೊಟ್ಟಿಗೆಯ ಗೂಟದಲ್ಲಿ ವಾರಗಟ್ಟಲೆ ನೇತಾಡುತ್ತಿರುತ್ತದೆ. ಅದರಲ್ಲಿ ಸೋಸಿದರೆ ಕಸ ಹೋಗುತ್ತದೆ, ಕಣ್ಣಿಗೆ ಕಾಣದ್ದು ಒಳಗೆ ಬರುತ್ತದೆ. ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಲು ಆಗದಿದ್ದರೆ ಆ ಬಟ್ಟೆ ಇಲ್ಲದಿರುವುದೇ ಮೇಲು.

ಸಂಜೆ ಹಾಲಿನ ಬಗ್ಗೆ ಎರಡು ಮಾತು. ಹೊಲದ ಕೆಲಸ, ನೆಂಟರು, ಜಾತ್ರೆ, ಏನೋ ಕಾರಣಕ್ಕೆ ಸಂಜೆ ಡೇರಿಗೆ ಹೋಗಲು ಆಗಲಿಲ್ಲ. ಬೆಳಗಿನ ಹಾಲಿನ ಜೊತೆ ಬೆರೆಸಿ ಹಾಕಿದರಾಯಿತು ಎನ್ನಿಸುತ್ತದೆ. ದಯವಿಟ್ಟು ಬೇಡ. ರಾತ್ರಿಯೆಲ್ಲ ಬೆಳೆದ ಸೂಕ್ಷ್ಮಾಣುಗಳಿಗೆ ಬೆಳಗಿನ ಬೆಚ್ಚನೆಯ ಹಾಲು ಸುರಿಯುವುದೆಂದರೆ ಒಲೆಯ ಕೆಂಡಕ್ಕೆ ಪುಳ್ಳೆ ಹಾಕಿದಂತೆ. ಸಂಜೆಯ ಹಾಲನ್ನು ಕಾಯಿಸಿ ಹೆಪ್ಪು ಹಾಕಿ. ಬೆಣ್ಣೆ ತೆಗೆದರೆ ತುಪ್ಪವಾದರೂ ಆಗುತ್ತದೆ. ಐದು ಲೀಟರ್ ಉಳಿಸಲು ಹೋಗಿ ಹನ್ನೊಂದು ಲೀಟರ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಡೇರಿಗೆ ಹೋಗಲು ಬರೀ ಅರ್ಧ-ಮುಕ್ಕಾಲು ಗಂಟೆ ತಡವೆಂದಾದರೆ ಕ್ಯಾನನ್ನು ತೊಟ್ಟಿಯ ತಣ್ಣೀರಿನಲ್ಲಿ ಕುತ್ತಿಗೆಯವರೆಗೆ ಇಳಿಸಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಬಿಸಿಲಲ್ಲಿ, ಬೈಕಿನ ಹಿಂದೆ, ಡೇರಿಯ ಜಗಲಿಯಲ್ಲಿ ಕಾಯಿಸಬೇಡಿ.

ಹುಳಿಯಾಗುತ್ತಿದೆ ಎನ್ನಿಸಿದಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರ ಮಾತು ಕೇಳಬೇಡಿ. ಅದು ಕಲಬೆರಕೆ. ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಬಂದು ಸಿಕ್ಕಿಬೀಳುತ್ತದೆ. ಆಮೇಲೆ ಹೋಗುವುದು ಹಾಲಷ್ಟೇ ಅಲ್ಲ, ಮನೆಯ ಹೆಸರು ಕೂಡ.

"ಮೂರು ದಿನ" ಎಂಬ ಮಾತು ಮಾಡಿದ ಅನಾಹುತ

ಈಗ ಎರಡನೆಯ ದಾರಿಗೆ ಬರುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಊರಿನಲ್ಲಿ ಎಚ್.ಎಫ್. ಹಸುವಿಗೆ ಕೆಚ್ಚಲು ಬಾವು. ಎರಡನೇ ಸೂಲಿನ ಹಸು, ಬಲಗಡೆಯ ಹಿಂದಿನ ಮೊಲೆ ಕಲ್ಲಿನಂತಾಗಿತ್ತು. ನಾನು ಹೋದಾಗ ಕತ್ತಲಾಗಿತ್ತು. ಮೊಬೈಲ್ ಬೆಳಕಿನಲ್ಲಿ ಹಾಲು ಹಿಂಡಿ ತೆಗೆದು, ಇಂಜೆಕ್ಷನ್ ಕೊಟ್ಟು, ಮೊಲೆಯೊಳಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿ, ಉಳಿದ ಟ್ಯೂಬುಗಳನ್ನು ಮನೆಯ ಯಜಮಾನರ ಕೈಗೆ ಕೊಟ್ಟೆ. ಗಾಡಿ ಹತ್ತುತ್ತಾ "ಮೂರು ದಿನ ಡೇರಿಗೆ ಹಾಲು ಹಾಕಬೇಡಿ" ಎಂದೆ. ಅವರು ಆಯಿತೆಂದರು. ಹಸುವಿನ ಬಾಲ ಹಿಡಿದು ನಿಂತಿದ್ದ, ಮರುದಿನದಿಂದ ಹಾಲು ಕರೆಯಬೇಕಾಗಿದ್ದ ಅಕ್ಕನಿಗೆ ನಾನು ಏನನ್ನೂ ಹೇಳಲಿಲ್ಲ.

ಆಕೆ ಮೋಸ ಮಾಡಲಿಲ್ಲ. ಮೂರು ದಿನ ಆ ಹಸುವಿನ ಹಾಲನ್ನು ಡೇರಿಗೆ ಹಾಕಲೇ ಇಲ್ಲ. ಯಜಮಾನರು ಹೇಳಿದಂತೆ ಆ ಮೂರು ದಿನವೂ ಟ್ಯೂಬ್ ಹಾಕಿದರು. ಬಾವು ಇಳಿಯಿತು, ಹಾಲು ಬೆಳ್ಳಗಾಯಿತು. ನಾಲ್ಕನೇ ದಿನ ಬೆಳಿಗ್ಗೆ ಎಂದಿನಂತೆ ಕ್ಯಾನು ತುಂಬಿಸಿ ಡೇರಿಗೆ ಹಾಕಿ ಬಂದರು. ಕೊನೆಯ ಟ್ಯೂಬ್ ಹಾಕಿದ್ದು ಹಿಂದಿನ ಸಂಜೆ!

ನಾನು ಹೇಳಬೇಕಾಗಿದ್ದದ್ದು "ಕೊನೆಯ ಟ್ಯೂಬ್ ಹಾಕಿದ ಮೇಲೆ ಮೂರು ದಿನ" ಎಂದು. ನಾನು ಹೇಳಿದ್ದು ಬರೀ "ಮೂರು ದಿನ".

ಆ ಹಾಲು ಮೂರು ಸಂಘಗಳ ಹಾಲು ಸೇರುವ ಬಿ.ಎಂ.ಸಿ.ಗೆ ಹೋಯಿತು. ಟ್ಯಾಂಕರಿಗೆ ತುಂಬುವ ಮೊದಲು ಮಾಡಿದ ಪರೀಕ್ಷೆಯಲ್ಲಿ ಆಂಟಿಬಯೋಟಿಕ್ ಸಿಕ್ಕಿತು. ಸುಮಾರು 1,800 ಲೀಟರ್ ಹಾಲನ್ನು ಸುರಿಯಬೇಕಾಯಿತು. ಆ ಹೊತ್ತಿನ ಹಾಲಿನ ಹಣ ಯಾರಿಗೂ ಬರಲಿಲ್ಲ. ಇಟ್ಟಿದ್ದ ಮಾದರಿಗಳನ್ನು ಒಂದೊಂದಾಗಿ ನೋಡಿ ಆ ಮನೆಯನ್ನು ಪತ್ತೆ ಮಾಡಿದರು. ಆಮೇಲೆ ಎಷ್ಟೋ ದಿನ ಆ ಅಕ್ಕ ಡೇರಿಯ ಸಾಲಿಗೆ ಬರಲಿಲ್ಲ, ಶಾಲೆಗೆ ಹೋಗುವ ಮಗನ ಕೈಯಲ್ಲಿ ಕ್ಯಾನು ಕಳಿಸುತ್ತಿದ್ದರು. ಸಂಘದ ಸಭೆಗೆ ನಾನೇ ಹೋಗಿ, ತಪ್ಪು ಆಕೆಯದಲ್ಲ, ಹೇಳುವುದನ್ನು ಅರ್ಧಕ್ಕೆ ಹೇಳಿದವಳು ನಾನು ಎಂದೆ. ಹೇಳಿದ್ದರಿಂದ ಸುರಿದ ಹಾಲು ವಾಪಸ್ ಬರಲಿಲ್ಲ, ಆದರೆ ಆಕೆ ಸಾಲಿಗೆ ಬಂದರು.

ಎಂಟು ಲೀಟರ್ ಹಾಲು 1,800 ಲೀಟರನ್ನು ಕೆಡಿಸುತ್ತದೆಯೇ ಎಂದು ಆ ಸಭೆಯಲ್ಲಿ ಒಬ್ಬರು ಕೇಳಿದರು. ಕೆಡಿಸುತ್ತದೆ. ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ಹಾಲಿನಲ್ಲಿ ಪೆನ್ಸಿಲಿನ್ ಇರಬಹುದಾದ ಮಿತಿ ಒಂದು ಲೀಟರಿಗೆ 4 ಮೈಕ್ರೊಗ್ರಾಂ. ಅಂದರೆ ಸಾವಿರ ಲೀಟರಿಗೆ ಬರೀ 4 ಮಿಲಿಗ್ರಾಂ. ಮೊಲೆಗೆ ಹಾಕುವ ಒಂದು ಟ್ಯೂಬಿನಲ್ಲಿ ಸಾಮಾನ್ಯವಾಗಿ ನೂರಾರು ಮಿಲಿಗ್ರಾಂ ಔಷಧಿ ಇರುತ್ತದೆ, ಮೊದಲ ಕೆಲವು ಹೊತ್ತಿನ ಹಾಲಿನಲ್ಲಿ ಅದರ ದೊಡ್ಡ ಪಾಲು ಹೊರಬರುತ್ತದೆ. ಲೆಕ್ಕ ನೀವೇ ಹಾಕಿ.

ಕಾಯಿಸಿದರೆ ಹೋಗುವುದಿಲ್ಲವೇ? ಹೋಗುವುದಿಲ್ಲ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ಔಷಧಿ ಉಳಿಯುತ್ತದೆ. ಬೇಕಾದರೆ ಅಂಥ ಹಾಲಿಗೆ ಹೆಪ್ಪು ಹಾಕಿ ನೋಡಿ. ಬೆಳಗಾದರೂ ನೀರು ನೀರಾಗಿ ಇರುತ್ತದೆ, ಏಕೆಂದರೆ ಹೆಪ್ಪಿನಲ್ಲಿರುವ ಒಳ್ಳೆಯ ಸೂಕ್ಷ್ಮಾಣುಗಳನ್ನೂ ಔಷಧಿ ಕೊಂದಿರುತ್ತದೆ. ಡೇರಿಯಲ್ಲಿ ಮೊಸರು ಮಾಡುವವರಿಗೂ ಇದೇ ಗೋಳು, ಸಾವಿರಾರು ಲೀಟರಿನ ಗೋಳು. ಹಾಲು ಕುಡಿಯುವ ಮಕ್ಕಳಿಗೆ ಅಲರ್ಜಿಯಾಗಬಹುದು. ಸಣ್ಣ ಸಣ್ಣ ಪ್ರಮಾಣದಲ್ಲಿ ಔಷಧಿ ಹೊಟ್ಟೆಗೆ ಸೇರುತ್ತಾ ಹೋದರೆ ಮುಂದೆ ನಿಜವಾಗಿ ಕಾಯಿಲೆ ಬಂದಾಗ ಅದೇ ಔಷಧಿ ನಾಟುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಯಾವ ಔಷಧಿಗೆ ಎಷ್ಟು ದಿನ ಎಂಬುದು ಔಷಧಿಯ ಮೇಲೆ ಹೋಗುತ್ತದೆ. ಪೊಟ್ಟಣದ ಮೇಲೆ ಬರೆದಿರುತ್ತದೆ. ಅದನ್ನು ಓದಿ ಹೇಳುವುದು ನಮ್ಮ ಕೆಲಸ, ಕೇಳಿ ಬರೆಸಿಕೊಳ್ಳುವುದು ನಿಮ್ಮ ಕೆಲಸ. ದಿನದ ಲೆಕ್ಕದಲ್ಲಿ ಗೊಂದಲವಾಗುವುದರಿಂದ ನಾನೀಗ ಹೊತ್ತಿನ ಲೆಕ್ಕ ಹೇಳುತ್ತೇನೆ. 72 ಗಂಟೆ ಎಂದರೆ ಕೊನೆಯ ಔಷಧಿಯ ನಂತರ ಆರು ಹೊತ್ತಿನ ಹಾಲು ಬಿಡಬೇಕು, ಏಳನೆಯ ಹೊತ್ತಿನದು ಡೇರಿಗೆ. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ನಾಲ್ಕೂ ಮೊಲೆಗಳ ಹಾಲು ಬಿಡಬೇಕು. ಔಷಧಿ ರಕ್ತಕ್ಕೆ ಸೇರಿ ಉಳಿದ ಮೊಲೆಗಳಲ್ಲೂ ಬರುತ್ತದೆ. ಕೆಚ್ಚಲಿಗೆ ಸಂಬಂಧವೇ ಇಲ್ಲದ ಕಾಯಿಲೆಗೆ, ಜ್ವರಕ್ಕೆ, ಕಾಲಿನ ಗಾಯಕ್ಕೆ, ಕಸ ಬೀಳದ್ದಕ್ಕೆ ಕೊಟ್ಟ ಔಷಧಿಗೂ ಇದೇ ನಿಯಮ. ಹಸು ಬತ್ತಿಸುವಾಗ ಹಾಕುವ ಟ್ಯೂಬುಗಳ ಅವಧಿ ಇನ್ನೂ ಬಹಳ ಉದ್ದ. ಅವನ್ನು ಕರೆಯುವ ಹಸುವಿಗೆ ಎಂದೂ ಹಾಕಬೇಡಿ. ಹಸು ಲೆಕ್ಕಕ್ಕಿಂತ ಮುಂಚೆ ಈದರೆ ನಮಗೆ ತಿಳಿಸಿ.

ಔಷಧಿ ಕೊಟ್ಟ ಹಸುವನ್ನು ಎಲ್ಲಕ್ಕಿಂತ ಕೊನೆಗೆ, ಬೇರೆ ಪಾತ್ರೆಗೆ ಕರೆಯಿರಿ. ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದು ಉಳಿತಾಯವಲ್ಲ, ಅದರ ಹೊಟ್ಟೆ ಕೆಡುತ್ತದೆ. ಗೋಬರ್ ಗ್ಯಾಸ್ ಗುಂಡಿಗೂ ಹಾಕಬೇಡಿ, ಗ್ಯಾಸ್ ಹುಟ್ಟಿಸುವ ಜೀವಿಗಳಿಗೂ ಅದು ಆಗದು. ಬಾವಿ, ಕೊಳವೆಬಾವಿಯಿಂದ ದೂರ ಗುಂಡಿ ತೋಡಿ ಸುರಿದು ಸುಣ್ಣ ಚೆಲ್ಲಿ ಮುಚ್ಚಿ. ಮನಸ್ಸಿಗೆ ಕಷ್ಟವಾಗುತ್ತದೆ, ಗೊತ್ತು. ಅನ್ನವನ್ನು ಮಣ್ಣಿಗೆ ಹಾಕಿದಂತೆ ಎಂದು ಒಬ್ಬ ಅಜ್ಜಿ ನನ್ನ ಮುಂದೆ ಕಣ್ಣೀರು ಹಾಕಿದ್ದರು.

ಕೆಚ್ಚಲಿನಿಂದ ಹೊರಗೇ ಬಾರದ ಹಾಲು

ಔಷಧಿ ಬೇಕಾಗುವುದೇ ಬಾವಿನಿಂದ. ಹಾಗಾಗಿ ಬಾವನ್ನು ತಡೆದರೆ ಎರಡನೆಯ ದಾರಿ ಅರ್ಧ ಮುಚ್ಚಿದಂತೆ. ಆದರೆ ಕಣ್ಣಿಗೆ ಕಾಣುವ ಬಾವಿಗಿಂತ ಕಾಣದ ಬಾವು ಹೆಚ್ಚು. ಹಾಲಿನಲ್ಲಿ ಗರಣೆ ಇಲ್ಲ, ಕೆಚ್ಚಲು ಊದಿಲ್ಲ, ಹಸು ಚೆನ್ನಾಗಿ ತಿನ್ನುತ್ತದೆ. ಒಂದು ಮೊಲೆಯಲ್ಲಿ ಮಾತ್ರ ಹಾಲು ಸ್ವಲ್ಪ ಇಳಿದಿರುತ್ತದೆ. ದಿನಕ್ಕೆ ಅರ್ಧ ಲೀಟರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 15 ಲೀಟರ್, ಹತ್ತು ತಿಂಗಳ ಒಂದು ಸೂಲಿಗೆ 150 ಲೀಟರ್. ಲೀಟರಿಗೆ 35 ರೂಪಾಯಿಯಂತೆ ಹಿಡಿದರೂ 5,250 ರೂಪಾಯಿ. ಇದು ಯಾವ ಚೀಟಿಯಲ್ಲೂ ನಮೂದಾಗದ ನಷ್ಟ.

ಇನ್ನೂ ಒಂದಿದೆ. ಹೀಗೆ ಬಾವು ಹಿಡಿದ ಮೊಲೆಯ ಹಾಲಿನಲ್ಲಿ ಸಕ್ಕರೆ ಅಂಶವೂ ಒಳ್ಳೆಯ ಸಸಾರಜನಕವೂ ಕಡಿಮೆಯಾಗುತ್ತದೆ. ಎಸ್.ಎನ್.ಎಫ್. ಇಳಿಯುತ್ತದೆ. "ಒಂದು ತೊಟ್ಟು ನೀರು ಹಾಕಿಲ್ಲ ಡಾಕ್ಟರಮ್ಮ, ಡಿಗ್ರಿ ಬರ್ತಿಲ್ಲ" ಎಂದು ದೇವರಾಣೆ ಮಾಡಿ ಹೇಳುವವರಲ್ಲಿ ಹಲವರ ಮಾತು ನಿಜ. ಮೇವಿನ ಕೊರತೆಯೂ ಕಾರಣವಿರಬಹುದು. ಆದರೆ ಬಾವನ್ನು ಮೊದಲು ನೋಡಬೇಕು.

ನೋಡುವುದು ಸುಲಭ. ಬಟ್ಟೆ ಒಗೆಯುವ ಸೋಪಿನ ಪುಡಿ ಮೂರು ಗ್ರಾಂ, ಅಂದರೆ ಸುಮಾರು ಮುಕ್ಕಾಲು ಚಹಾ ಚಮಚದಷ್ಟು, 100 ಮಿ.ಲೀ. ನೀರಿನಲ್ಲಿ ಕರಗಿಸಿ. ನಾಲ್ಕು ಚಿಕ್ಕ ಬಟ್ಟಲು ತೆಗೆದುಕೊಂಡು ಒಂದೊಂದು ಮೊಲೆಯ ಹಾಲನ್ನು ಒಂದೊಂದರಲ್ಲಿ ಎರಡು ಚಮಚ ಹಿಂಡಿ. ಅಷ್ಟೇ ಅಳತೆಯ ಸೋಪಿನ ನೀರು ಹಾಕಿ ಅರ್ಧ ನಿಮಿಷ ಮೆಲ್ಲಗೆ ತಿರುಗಿಸಿ. ನೀರಾಗಿಯೇ ಇದ್ದರೆ ಮೊಲೆ ಚೆನ್ನಾಗಿದೆ. ಲೋಳೆಲೋಳೆಯಾಗಿ, ಗಂಜಿಯಂತೆ ದಪ್ಪಗಾದರೆ ಒಳಗೆ ಬಾವಿದೆ. ತಿಂಗಳಿಗೊಮ್ಮೆ ಮಾಡಿ. ಈದ ಮೊದಲ ವಾರ ಮತ್ತು ಬತ್ತುವ ದಿನಗಳಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ, ಆಗ ಒಳ್ಳೆಯ ಹಾಲೂ ದಪ್ಪಗಾಗಬಹುದು. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ, ಮರೆತು ಕ್ಯಾನಿಗೆ ಹಾಕಿಬಿಟ್ಟೀರಿ!

ಬಾವು ಬರುವುದು ಹೇಗೆ? ಮೊಲೆತೊಟ್ಟಿನ ತುದಿಯ ಬಾಗಿಲಿನಿಂದ. ಹಾಲು ಕರೆದ ಮೇಲೆ ಆ ಬಾಗಿಲು ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ಸೂಕ್ಷ್ಮಾಣು ಒಳಗೆ ನುಗ್ಗಿತೆಂದೇ ಲೆಕ್ಕ. ಅದಕ್ಕೇ ಹೇಳುವುದು, ಹಸಿರು ಮೇವನ್ನು ಹಾಲು ಕರೆದ ಮೇಲೆ ಹಾಕಿ ಎಂದು. ತಿನ್ನುತ್ತಾ ನಿಂತಿರುತ್ತದೆ. ಕರೆಯುವಾಗ ಒಣ ಹುಲ್ಲು ಕೊಡವಿ ಹಾಕಿದರೆ ಧೂಳೆಲ್ಲ ಪಾತ್ರೆಗೆ. ಕರೆದ ತಕ್ಷಣ ಮೊಲೆತೊಟ್ಟುಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದುವುದು ಇನ್ನೂ ಒಳ್ಳೆಯದು. ಎಷ್ಟು ನೀರು ಬೆರೆಸಬೇಕೆಂದು ನಮ್ಮ ಸಿಬ್ಬಂದಿಯನ್ನು ಕೇಳಿ.

ಕರೆಯುವ ಮೊದಲು ಇಡೀ ಕೆಚ್ಚಲಿಗೆ ಬಕೆಟ್ ನೀರು ಎರಚುವ ಅಭ್ಯಾಸ ಹಲವರಲ್ಲಿದೆ. ಮೊಲೆತೊಟ್ಟುಗಳನ್ನಷ್ಟೇ ತೊಳೆದು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದು ಹಸುವಿಗೆ ಒಂದು ಬಟ್ಟೆ. ಮೊದಲ ಮೂರು-ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ, ಗರಣೆ ಇದ್ದರೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ನೆಲಕ್ಕೆ ಹಿಂಡಬೇಡಿ, ಇದ್ದ ರೋಗ ಪಕ್ಕದ ಹಸುವಿಗೆ ಹೋಗುತ್ತದೆ. ಸೊರೆ ಬಿಟ್ಟ ಮೇಲೆ ಐದರಿಂದ ಏಳು ನಿಮಿಷದಲ್ಲಿ ಕರೆದು ಮುಗಿಸಬೇಕು, ಅಷ್ಟೇ ಹೊತ್ತು ಹಸುವಿನ ಮೈ ಹಾಲನ್ನು ಇಳಿಸುತ್ತದೆ. ಫೋನಿನಲ್ಲಿ ಮಾತಾಡುತ್ತಾ ಕರೆಯಬೇಡಿ. ಹೆಬ್ಬೆರಳು ಮಡಚಿ ಒತ್ತಿ ಕರೆಯುವುದರಿಂದ ತೊಟ್ಟಿನ ಒಳಗೆ ಗಾಯವಾಗುತ್ತದೆ. ಪೂರ್ತಿ ಅಂಗೈಯಲ್ಲಿ ಹಿಡಿದು ಕರೆಯಿರಿ. ತೊಟ್ಟಿಗೆ ಎಣ್ಣೆ, ಬೆಣ್ಣೆ ಸವರುವುದು, ಬೆರಳನ್ನು ಹಾಲಿನಲ್ಲೇ ಅದ್ದಿಕೊಳ್ಳುವುದು ಎರಡೂ ಬೇಡ.

ಬಾವು ಆಗಲೇ ಶುರುವಾಗಿ, ಹಸುವಿಗೆ ಜ್ವರವಿಲ್ಲದೆ ಮೇವು ತಿನ್ನುತ್ತಿದ್ದರೆ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಮನೆಮದ್ದೊಂದಿದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ತಿನ್ನುವ ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿ. ಕೆಚ್ಚಲು ತೊಳೆದು, ಹಾಲನ್ನು ಪೂರ್ತಿ ಹಿಂಡಿ ತೆಗೆದು, ಒಂದು ಹಿಡಿ ಮದ್ದನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಕೆಚ್ಚಲಿಗೆಲ್ಲ ಸವರಬೇಕು. ದಿನಕ್ಕೆ ಎಂಟು-ಹತ್ತು ಸಲ, ಐದು ದಿನ. ಹಿತ್ತಲಲ್ಲೇ ಸಿಗುವ ಮದ್ದು, ಬೇಗ ಶುರು ಮಾಡಿದರೆ ಎಷ್ಟೋ ಸಲ ಟ್ಯೂಬ್ ಬೇಕಾಗುವುದಿಲ್ಲ. ಆದರೆ ಗರಣೆ, ರಕ್ತ ಬರುತ್ತಿರುವ ಹಾಲು ಈ ಮದ್ದು ಮಾಡುವಾಗಲೂ ಡೇರಿಗೆ ಸಲ್ಲದು. ಹಸು ಮಂಕಾಗಿ ಮೇವು ಬಿಟ್ಟರೆ, ಹಾಲು ನೀರಿನಂತಾದರೆ ಮದ್ದು ಅರೆಯುತ್ತಾ ಕೂರಬೇಡಿ, ಫೋನ್ ಮಾಡಿ. ಕೆಲವು ಬಾವು ಒಂದೇ ರಾತ್ರಿಯಲ್ಲಿ ಹಸುವಿನ ಜೀವಕ್ಕೆ ಬರುತ್ತದೆ.

ಬೂಸ್ಟು ಹಿಡಿದ ಮೇವಿನ ಬಗ್ಗೆ ಚಿಕ್ಕದಾಗಿ. ಮಳೆಯಲ್ಲಿ ನೆನೆದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ಬಿಸಾಡಲು ಮನಸ್ಸಾಗದೆ ಹಸುವಿಗೆ ಹಾಕುತ್ತೇವೆ. ಆ ಬೂಸ್ಟಿನ ವಿಷ ಅಫ್ಲಾಟಾಕ್ಸಿನ್, ಹಸು ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಹಾಲಿನಲ್ಲಿ ಇದಕ್ಕೆ ಇಟ್ಟಿರುವ ಮಿತಿ ಕೆ.ಜಿ.ಗೆ 0.5 ಮೈಕ್ರೊಗ್ರಾಂ. ಬೂಸ್ಟು ಬಂದ ಹಿಂಡಿ ತಿಪ್ಪೆಗೆ. ಹಿಂಡಿ ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಿ.

ಇನ್ನು ಗಿಣ್ಣು ಹಾಲು. ಈದ ಮೊದಲ ಐದು ದಿನದ ಹಾಲನ್ನು ಡೇರಿಗೆ ಹಾಕಬಾರದು, ಕಾಯಿಸಿದರೆ ಒಡೆದು ಎಲ್ಲರ ಹಾಲನ್ನೂ ಕೆಡಿಸುತ್ತದೆ. ಇದರಲ್ಲಿ ನಷ್ಟದ ಮಾತೇ ಇಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಹೋದ ಗಿಣ್ಣು ಹಾಲು ಅದರ ಜೀವ ಕಾಯುತ್ತದೆ. ಕಸ ಬೀಳುವವರೆಗೆ ಕಾಯಬೇಕು ಎಂಬ ಹಳೇ ಮಾತನ್ನು ಬಿಟ್ಟುಬಿಡಿ. ಕರು ಕುಡಿದು ಉಳಿದದ್ದಕ್ಕೆ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಗೋಡೆಯ ಮೇಲಿನ ಗೆರೆಗಳು

ಆ 1,800 ಲೀಟರಿನ ಘಟನೆಯ ನಂತರ ನಾನು ಎರಡು ಅಭ್ಯಾಸ ಮಾಡಿಕೊಂಡೆ. ಒಂದು, ಹಾಲು ಕರೆಯುವವರು ಯಾರೋ ಅವರನ್ನೇ ಕರೆದು ಹೇಳುವುದು. ಮನೆಯವರು "ನನಗೆ ಹೇಳಿ ಮೇಡಂ, ನಾನು ಹೇಳ್ತೀನಿ" ಎಂದರೂ ಬಿಡುವುದಿಲ್ಲ. ನೀವು ಒಳಗೆ ಅಡುಗೆ ಮಾಡುತ್ತಿದ್ದರೂ ಪರವಾಗಿಲ್ಲ, ಒಲೆ ಸಣ್ಣ ಮಾಡಿ ಕೊಟ್ಟಿಗೆಗೆ ಬನ್ನಿ. ಡಾಕ್ಟರು ಮರೆತರೆ ನೀವೇ ಕೇಳಿ: "ಕೊನೇ ಔಷಧಿ ಆದ್ಮೇಲೆ ಎಷ್ಟು ಹೊತ್ತಿನ ಹಾಲು ಬಿಡ್ಬೇಕು?" ಇದೊಂದೇ ಪ್ರಶ್ನೆ.

ಇನ್ನೊಂದು, ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಹಸುವಿನ ಹೆಸರು, ಕೊನೆಯ ಔಷಧಿಯ ತಾರೀಖು, ಬೆಳಿಗ್ಗೆಯೋ ಸಂಜೆಯೋ ಎಂಬುದು, ಅದರ ಕೆಳಗೆ ಬಿಡಬೇಕಾದ ಹೊತ್ತುಗಳಷ್ಟು ಗೆರೆ. ಪ್ರತಿ ಹೊತ್ತು ಹಾಲು ಚೆಲ್ಲಿದ ಮೇಲೆ ಒಂದು ಗೆರೆ ಅಳಿಸಬೇಕು. ಓದು ಬಾರದ ಅತ್ತೆಗೂ ಅರ್ಥವಾಗುತ್ತದೆ. ಹಸುವಿನ ಹಿಂಗಾಲಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ, ನೀವು ಊರಲ್ಲಿಲ್ಲದ ದಿನ ಕರೆಯಲು ಬಂದ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಎಲ್ಲ ಗೆರೆ ಅಳಿದ ಮೇಲೂ ಅನುಮಾನವಿದ್ದರೆ ಆ ಹಸುವಿನ ಒಂದು ಲೋಟ ಹಾಲನ್ನು ಬೇರೆಯಾಗಿ ಡೇರಿಗೆ ಒಯ್ದು, ಕ್ಯಾನಿಗೆ ಸುರಿಯುವ ಮೊದಲು ಪರೀಕ್ಷಕಿಗೆ ಹೇಳಿ.

ಹೋದ ತಿಂಗಳು ಆ ಊರಿಗೆ ಮತ್ತೆ ಹೋಗಿದ್ದೆ. ಅದೇ ಅಕ್ಕನ ಮನೆ, ಈ ಸಲ ಬೇರೆ ಹಸು, ಕಾಲಿನ ಗಾಯ. ಇಂಜೆಕ್ಷನ್ ಕೊಟ್ಟು ಬ್ಯಾಗ್ ಮುಚ್ಚುವಷ್ಟರಲ್ಲಿ ಆಕೆ ಗೂಡಿನಿಂದ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟು, "ಬರೆದು ಹೋಗಿ" ಎಂದರು.